ನಾಟಿ ಹಾಕುವವರನ್ನು ಕೇಳಿದ ಮೇಲೆ: ನಾಲೆಯ ಕೊನೆ ಭಾಗದ ಒಂದು ಪ್ರಕರಣ ಅಧ್ಯಯನ

ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಅನ್ನೋದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ಕಡಿಮೆ ನೀರಿನಲ್ಲಿ ಭತ್ತ ಬೆಳೆಯುವ ಪದ್ಧತಿಗಳನ್ನು ತರಬೇಕು ಅಂತ ಈ ಊರಿಗೆ ಒಂದು ಯೋಜನೆ ಬಂತು. ಯೋಜನೆಯ ಕಾಗದದಲ್ಲಿ ಸುಸ್ಥಿರ ಅಭಿವೃದ್ಧಿಯ ಮಾತಿತ್ತು, ಹೆಂಗಸರು ಭಾಗವಹಿಸಬೇಕು ಅನ್ನೋ ಮಾತೂ ಇತ್ತು. ಮೈಸೂರಿನಿಂದ ಹೋದ ನಮ್ಮ ಸಣ್ಣ ತಂಡಕ್ಕೆ ಸಿಕ್ಕಿದ್ದು ಈ ಎರಡನೆಯ ಕೆಲಸ. ಊರಿನಲ್ಲಿ ಯಾರ ಮಾತು ಇನ್ನೂ ಕೇಳಿಸಿಲ್ಲ ಅಂತ ನೋಡಿ, ಅವರ ಜೊತೆ ಕೂತು ಅಧ್ಯಯನ ಮಾಡಿ, ಯೋಜನೆಯವರಿಗೆ ತಿಳಿಸಬೇಕಿತ್ತು. ಮಾಡುತ್ತಾ ಹೋದ ಹಾಗೆ ಯೋಜನೆ ಕೇಳುತ್ತಿದ್ದ ಪ್ರಶ್ನೆಯೇ ಅರ್ಧ ಅಂತ ಗೊತ್ತಾಯಿತು. ಅದು ಹೇಗೆ ಅನ್ನೋದು ಈ ಬರಹ.

ಮೊದಲು ನೀರಿನ ವಿಷಯ. ಈ ನಾಲೆಗೆ ನೀರು ಬರುವುದು ಕೆಆರ್‌ಎಸ್ ಅಣೆಕಟ್ಟೆಯಿಂದ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಕಟ್ಟೆ ತುಂಬಿದ ವರ್ಷ ಜುಲೈ, ಆಗಸ್ಟ್ ಹೊತ್ತಿಗೆ ನಾಲೆಗೆ ನೀರು ಬಿಡುತ್ತಾರೆ. ಆದರೆ ಮೇಲಿನ ಊರುಗಳ ಗದ್ದೆ ತುಂಬಿ, ತೂಬು ದಾಟಿ, ಕೊನೆ ಭಾಗಕ್ಕೆ ನೀರು ತಲುಪುವುದು ತಡ. ನೀರು ಕಡಿಮೆ ಇದ್ದರೆ ಕಟ್ಟು ಪದ್ಧತಿ. ಅಂದರೆ ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ ಕೊಡುವುದು. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ ವರ್ಷ ಅದು. ಕೊನೆ ಭಾಗದ ಎಷ್ಟೋ ಗದ್ದೆ ಬೀಳುಬಿದ್ದವು. ಹಾಗಾಗಿ ನೀರು ಉಳಿಸುವ ಮಾತು ಬಂದಾಗ ಊರಿನ ರೈತರು ಕಿವಿಗೊಟ್ಟು ಕೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಯೋಜನೆಯವರು ಮುಖ್ಯವಾಗಿ ಹೇಳಿದ್ದು ನೇರ ಬಿತ್ತನೆ. ಒಟ್ಲು, ಅಂದರೆ ಸಸಿ ಮಡಿ, ಬಿಡಬೇಕಾಗಿಲ್ಲ, ಕೆಸರು ಮಾಡಬೇಕಾಗಿಲ್ಲ. ಒಣ ಭೂಮಿಯಲ್ಲೇ ಕೂರಿಗೆಯಲ್ಲಿ ಬಿತ್ತಿ, ರಾಗಿಗೆ ಕೊಟ್ಟ ಹಾಗೆ ಆಗಾಗ ನೀರು ಕೊಡುವುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಇದಕ್ಕೆ ಅಂತಲೇ ತಳಿ ತಂದಿದೆ. ನೀರು ನಿಲ್ಲಿಸದೆ ಇರುವುದರಿಂದ ಗದ್ದೆಯಿಂದ ಹೊರಡುವ ಮೀಥೇನ್ ಅನಿಲವೂ ಕಡಿಮೆಯಾಗುತ್ತದೆ. ಖರ್ಚೂ ಕಡಿಮೆ, ಯಾಕಂದರೆ ನಾಟಿ ಕೂಲಿ ಉಳಿಯುತ್ತದೆ.

'ನಾಟಿ ಕೂಲಿ ಉಳಿಯುತ್ತದೆ' ಅನ್ನೋದನ್ನು ಯೋಜನೆಯ ಕರಪತ್ರದಲ್ಲಿ ಲಾಭದ ಪಟ್ಟಿಯಲ್ಲಿ ಹಾಕಿದ್ದರು. ಆ ಕೂಲಿ ಯಾರ ಕೈಗೆ ಹೋಗುತ್ತಿತ್ತು ಅಂತ ಬರೆದಿರಲಿಲ್ಲ.

ಅರಳಿಕಟ್ಟೆಯ ಸಭೆ

ನಾವು ಹೋಗುವ ಮೊದಲೇ ಯೋಜನೆಯವರು ಒಂದು ಗ್ರಾಮಸಭೆ ಥರದ ಸಭೆ ನಡೆಸಿದ್ದರು. ಜಾಗ ಊರ ಮುಂದಿನ ಅರಳಿಕಟ್ಟೆ, ಸಮಯ ಬೆಳಿಗ್ಗೆ ಹನ್ನೊಂದು. ಹಾಜರಿ ಪುಸ್ತಕ ತೆಗೆದು ನೋಡಿದರೆ ಹೆಂಗಸರ ಸಹಿ ಬೇಕಾದಷ್ಟಿತ್ತು. ಅಂಗನವಾಡಿ ಕಾರ್ಯಕರ್ತೆ, ಆಶಾ, ಸಂಘದ ಪ್ರತಿನಿಧಿಗಳು, ಜಮೀನಿರುವ ಮನೆಯ ಹೆಂಗಸರು. ಎಲ್ಲರೂ ಬಂದಿದ್ದರು, ಫೋಟೊ ಕೂಡ ಇತ್ತು. ವರದಿಯಲ್ಲಿ 'ಮಹಿಳೆಯರು ಉತ್ಸಾಹದಿಂದ ಭಾಗವಹಿಸಿದರು' ಅಂತ ಒಂದು ಸಾಲು.

ನಾಟಿ ಹಾಕುವವರು ಕಾಲೋನಿಯ, ಅಂದರೆ ದಲಿತರ ಕೇರಿಯ ಹೆಂಗಸರು. ಅವರು ಒಬ್ಬರೂ ಇರಲಿಲ್ಲ. ಹನ್ನೊಂದು ಗಂಟೆಗೆ ಅವರು ಗದ್ದೆಯಲ್ಲಿರುತ್ತಾರೆ. ಕೆಲಸ ಇಲ್ಲದ ದಿನವಾಗಿದ್ದರೂ ಆ ಕಟ್ಟೆಯ ಮೇಲೆ ಕೂರುತ್ತಿರಲಿಲ್ಲ. ಕೂರಬೇಡಿ ಅಂತ ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕೂತವರನ್ನು ನಾನಂತೂ ನೋಡಲಿಲ್ಲ.

ಯಾಕೆ ಕರೆಯಲಿಲ್ಲ ಅಂತ ಕೇಳಿದಾಗ ಸಿಕ್ಕ ಉತ್ತರ ಸರಳವಾಗಿತ್ತು. ಇದು ರೈತರ ಸಭೆ, ಪಹಣಿ ಇರುವವರು ಬರಬೇಕು. ಅವರಿಗೆ ಜಮೀನಿಲ್ಲವಲ್ಲ. ಕೇಂದ್ರ ಸರ್ಕಾರದ 2007ರ ರಾಷ್ಟ್ರೀಯ ರೈತ ನೀತಿ ಕೃಷಿ ಕೂಲಿಗಳನ್ನೂ ಗೇಣಿದಾರರನ್ನೂ ರೈತರ ಲೆಕ್ಕಕ್ಕೇ ಸೇರಿಸಿದೆ. ಕಾಗದದಲ್ಲಿ ಹಾಗಿದ್ದರೂ ಹೋಬಳಿ ಮಟ್ಟಕ್ಕೆ ಬರುವ ಹೊತ್ತಿಗೆ ಎಲ್ಲ ಪಹಣಿಯ ಲೆಕ್ಕ. ಬಿತ್ತನೆ ಬೀಜ, ಸಬ್ಸಿಡಿ, ತರಬೇತಿ, ಸಭೆ, ಎಲ್ಲದಕ್ಕೂ.

ಹಾಗಂತ ಆ ಸಭೆಗೆ ಬಂದಿದ್ದ ಹೆಂಗಸರು ಮಾತಾಡಿದ್ದು ಸುಳ್ಳು ಅಂತಲ್ಲ. ನಾಟಿ ಆಳಿಗೆ ಅಡುಗೆ ಮಾಡಿ ಮಾಡಿ ಸಾಕಾಗಿದೆ, ನೇರ ಬಿತ್ತನೆ ಬಂದರೆ ಒಳ್ಳೆಯದು ಅಂದರು. ಅವರ ಕಷ್ಟ ಅವರದು. ಆದರೆ ಅವರ ಮನೆ ಅಡುಗೆ ಉಂಡು ನಾಟಿ ಹಾಕುವವಳ ಕಷ್ಟ ಬೇರೆ. ಇಬ್ಬರನ್ನೂ ಒಂದೇ ಕಾಲಂನಲ್ಲಿ 'ಮಹಿಳೆ' ಅಂತ ಬರೆದರೆ ಲೆಕ್ಕ ತಪ್ಪುತ್ತದೆ.

ಎಲ್ಲಿ ಕೂರೋದು, ಯಾವಾಗ ಕೂರೋದು

ಸಹಭಾಗಿತ್ವದ ಅಧ್ಯಯನಕ್ಕೆ ನಮ್ಮ ಭಾಗದಲ್ಲಿ ದೊಡ್ಡ ಚರಿತ್ರೆ ಇದೆ. ಟಿಬೆಟ್ ನಿರಾಶ್ರಿತರಿಗೆ ನೆಲೆ ಕೊಡಿಸಲು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ, 1980ರ ದಶಕದ ಕೊನೆಯಿಂದ ಹಳ್ಳಿಯ ಜನರ ಕೈಯಲ್ಲೇ ನಕ್ಷೆ ಬರೆಸುವ, ಲೆಕ್ಕ ಹಾಕಿಸುವ ಪದ್ಧತಿಗಳನ್ನು ಕರ್ನಾಟಕದಲ್ಲಿ ಬೆಳೆಸಿತು. ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ ಪ್ರಪಂಚಕ್ಕೆಲ್ಲ ಪರಿಚಯಿಸಿದ, ಜನರೇ ಸೇರಿ ತಮ್ಮ ಊರನ್ನು ಅಧ್ಯಯನ ಮಾಡುವ ಪಿಆರ್‌ಎ ಪದ್ಧತಿಗೆ ಆಗ ಇಲ್ಲಿ ನಡೆದ ಪ್ರಯೋಗಗಳೂ ಬುನಾದಿ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯುವುದನ್ನು ಇವತ್ತು ಎನ್‌ಜಿಒ ಕೆಲಸ ಮಾಡಿದ ಎಲ್ಲರೂ ನೋಡಿರುತ್ತಾರೆ. ತೊಂದರೆ ಏನಂದರೆ, ಸಲಕರಣೆ ಉಳಿದುಕೊಂಡಿದೆ, ಯಾರ ಜೊತೆ ಕೂರಬೇಕು ಅನ್ನೋ ತಲೆನೋವು ಹೋಗಿಬಿಟ್ಟಿದೆ. ಅರಳಿಕಟ್ಟೆಯ ಸಭೆಯಲ್ಲೂ ರಂಗೋಲಿ ಪುಡಿಯ ನಕ್ಷೆ ಬರೆಸಿದ್ದರು!

ಕಾಲೋನಿಯ ಹೆಂಗಸರನ್ನು ನಾವು ಮೊದಲು ಕೇಳಿದ್ದು ದಿನಚರಿ. ಬೆಳಿಗ್ಗೆ ಎದ್ದಾಗಿಂದ ಮಲಗುವವರೆಗೆ ಏನೇನು ಮಾಡುತ್ತೀರಿ ಅಂತ ಕೇಳಿ, ನೆಲದ ಮೇಲೆ ಒಂದು ದೊಡ್ಡ ಗಡಿಯಾರ ಬರೆದೆವು. ನಾಟಿ ಕಾಲದಲ್ಲಿ ಬೆಳಿಗ್ಗೆ ಬೇಗ ಮುದ್ದೆ ತಿರುವಿಟ್ಟು ಹೊರಟರೆ, ವಾಪಸ್ ಬಂದು ದನಕ್ಕೆ ಹುಲ್ಲು ಹಾಕಿ, ಒಲೆ ಹಚ್ಚಿ, ಉಂಡು ಮುಗಿಯುವಷ್ಟರಲ್ಲಿ ರಾತ್ರಿ. ಅದರಲ್ಲಿ ನಮ್ಮ ಜೊತೆ ಕೂರೋಕೆ ಅಂತ ಬಿಡುವು ಎಲ್ಲೂ ಇರಲಿಲ್ಲ. ಇದ್ದಿದ್ದು ಮಧ್ಯಾಹ್ನ ಗದ್ದೆಯಲ್ಲೇ ಉಣ್ಣುವ ಹೊತ್ತು. ಇನ್ನೊಂದು, ಊಟ ಆದ ಮೇಲೆ ಮಾರಮ್ಮನ ಗುಡಿ ಮುಂದೆ ಕೂರುವ ಹೊತ್ತು. ಮಧ್ಯಾಹ್ನ ಗದ್ದೆಯಲ್ಲಿ ಕೂತರೆ ಜಮೀನಿನವರು ಬದುವಿನ ಮೇಲೆ ನಿಂತಿರುತ್ತಾರೆ. ಹಾಗಾಗಿ ರಾತ್ರಿ, ಮಾರಮ್ಮನ ಗುಡಿ ಮುಂದೆ, ಬೀದಿ ದೀಪದ ಕೆಳಗೆ ಅಂತ ಅವರೇ ಗೊತ್ತು ಮಾಡಿದರು.

ಜಾಸ್ತಿ ಹೊತ್ತು ಬೇಕಾಗುವ ಕೆಲಸಗಳಿಗೆ ನಾಟಿ ಮುಗಿದ ಮೇಲೆ ಅರ್ಧ ದಿನ ಕೇಳಿ, ಊರಲ್ಲಿ ನಡೆಯುತ್ತಿದ್ದ ಅರ್ಧ ದಿನದ ಕೂಲಿ ಕೊಟ್ಟೆವು. ಇದರ ಬಗ್ಗೆ ಯೋಜನೆಯವರ ಜೊತೆ ಜಗಳವೇ ಆಯಿತು. ದುಡ್ಡು ಕೊಟ್ಟರೆ ನಿಮಗೆ ಬೇಕಾದ ಉತ್ತರ ಹೇಳುತ್ತಾರೆ ಅನ್ನೋದು ಅವರ ವಾದ. ಸಂಬಳ ತಗೊಂಡು ಅಧ್ಯಯನ ಮಾಡೋ ನಾವು, ಕೂಲಿ ಬಿಟ್ಟು ಬಂದು ಕೂರೋರಿಗೆ ಇದು ಸೇವೆ ಅಂತ ಹೇಳೋದು ನನಗೆ ಸರಿ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ.

ಹಬ್ಬದ ಲೆಕ್ಕದ ಕ್ಯಾಲೆಂಡರ್

ನಕ್ಷೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅರಳಿಕಟ್ಟೆಯ ನಕ್ಷೆ ನಾಲೆಯಿಂದ ಶುರುವಾಗಿತ್ತು. ತೂಬು, ಕಾಲುವೆ, ಸರ್ವೆ ನಂಬರು. ಮಾರಮ್ಮನ ಗುಡಿ ಮುಂದಿನ ನಕ್ಷೆ ನಲ್ಲಿಯಿಂದ ಶುರುವಾಯಿತು. ಆಮೇಲೆ ಯಾರ್ಯಾರ ಗದ್ದೆಗೆ ಕೂಲಿಗೆ ಹೋಗುತ್ತೇವೆ, ಎಲ್ಲಿ ಹುಲ್ಲು ಕೊಯ್ಯೋಕೆ ಬಿಡುತ್ತಾರೆ, ಎಲ್ಲಿ ಬಿಡೋದಿಲ್ಲ. ಒಲೆಯ ಬೂದಿಯಲ್ಲಿ ಗೆರೆ ಎಳೆದು, ಬಿಡದ ಗದ್ದೆಗೆಲ್ಲ ಒಂದೊಂದು ಇಟ್ಟಿಗೆ ಚೂರು ಇಟ್ಟರು. ಇದನ್ನು ನಾವು ಕೇಳಿರಲಿಲ್ಲ.

ಅಧ್ಯಯನದ ದಿಕ್ಕು ಬದಲಾಗಿದ್ದು ಕ್ಯಾಲೆಂಡರ್ ಮಾಡಿದಾಗ. ನಾವು ಹನ್ನೆರಡು ತಿಂಗಳ ಹೆಸರು ಬರೆದ ಹಾಳೆ ತಗೊಂಡು ಹೋಗಿದ್ದೆವು. ಜನವರಿ, ಫೆಬ್ರವರಿ ಅಂದರೆ ಕೈ ಓಡಲಿಲ್ಲ. ಒಬ್ಬ ಹಿರಿಯಮ್ಮ ಹಾಳೆ ಪಕ್ಕಕ್ಕಿಟ್ಟು ಹಬ್ಬದ ಮೇಲೆ ಲೆಕ್ಕ ಹಾಕಿದರು. ಉಗಾದಿ, ಊರ ಮಾರಿಹಬ್ಬ, ಆಷಾಢ, ಗೌರಿ, ಮಾರ್ಲಾಮಿ, ದೀಪಾವಳಿ, ಸಂಕ್ರಾಂತಿ, ಶಿವರಾತ್ರಿ. ಒಂದೊಂದಕ್ಕೆ ಒಂದೊಂದು ಮನೆ. ಕೂಲಿ ಸಿಗುವ ದಿನಕ್ಕೆ ಅವರೆಕಾಳು, ಸಾಲಕ್ಕೆ ಹುಣಸೆ ಬೀಜ.

ಉಗಾದಿಯಿಂದ ಆಷಾಢದವರೆಗೆ ಅವರೆಕಾಳು ಅಲ್ಲೊಂದು ಇಲ್ಲೊಂದು. ಕಬ್ಬಿನ ತರಗು ತೆಗೆಯೋದು, ಆಲೆಮನೆ ಕೆಲಸ, ನರೇಗಾ ಕೆಲಸ ತೆರೆದರೆ ಅದು. ಆ ಮನೆಗಳಲ್ಲೇ ಹುಣಸೆ ಬೀಜ ರಾಶಿ. ಜೂನ್‌ನಲ್ಲಿ ಇಸ್ಕೂಲು ಶುರು, ಮಕ್ಕಳ ಬುಕ್ಕು, ಬಟ್ಟೆ, ಬಸ್ ಪಾಸು. ಸಂಘದ ಸಾಲ, ಅದು ಸಾಲದೆ ವಾರದ ಕಂತಿನ ಫೈನಾನ್ಸ್ ಸಾಲ. ಕಂತಿನವರ ಕಾಟ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು ಅಂದರೆ ಅದು ಎಷ್ಟು ಮನೆಗಳ ಮಾತು ಅಂತ ಅಂದಾಜಾಗುತ್ತದೆ. ಗೌರಿ ಹಬ್ಬದಿಂದ ಮಾರ್ಲಾಮಿವರೆಗೆ ಅವರೆಕಾಳು ಮನೆ ತುಂಬಿ ಚೆಲ್ಲಿತು. ಅದು ನಾಟಿ ಕಾಲ. ಅಲ್ಲೇ ಹುಣಸೆ ಬೀಜ ಒಂದೊಂದಾಗಿ ಕಡಿಮೆಯಾಗುತ್ತಾ ಬಂತು.

"ನೀರು ಉಳಿಸಬ್ಯಾಡಿ ಅಂತ ನಾವೇನ್ ಅಂತಿಲ್ಲ ಕನವ್ವ," ಅಂದರು ನಾಟಿ ಗುಂಪಿನ ಮೇಸ್ತ್ರಿ. "ಆದ್ರೆ ಈ ಕಾಳ ಎಲ್ಲಿಂದ ತತ್ತೀರಿ, ಅದ ಯೋಳಿ."

ಆ ಮೇಸ್ತ್ರಿಯ ಬಗ್ಗೆ ಎರಡು ಮಾತು. ನಾಟಿಗೆ ಆಳು ಕೂಡಿಸೋದು, ಎಕರೆ ಲೆಕ್ಕದಲ್ಲಿ ಗುತ್ತಿಗೆ ಮಾತಾಡೋದು, ದುಡ್ಡು ಹಂಚೋದು ಎಲ್ಲ ಅವರೇ. ಓದು ಬರಹ ಬಾರದಿದ್ದರೂ ಯಾರು ಅರ್ಧ ದಿನ ಬಂದರು, ಯಾರು ಮಗು ಹುಷಾರಿಲ್ಲ ಅಂತ ಮಧ್ಯಾಹ್ನ ಹೋದರು ಅನ್ನೋದು ಬಾಯಲ್ಲೇ ಇರುತ್ತದೆ. ಗುತ್ತಿಗೆ ಬಂದ ಮೇಲೆ ಮುಯ್ಯಾಳು, ಅಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ದುಡಿದು ತೀರಿಸೋದು, ಹೋಗಿಬಿಟ್ಟಿದೆ ಅಂತ ಜನ ಹೇಳುತ್ತಾರೆ. ಆದರೆ ಗುಂಪಿನೊಳಗೆ ಮುಯ್ಯಿ ಇನ್ನೂ ಇದೆ. ಬಾಣಂತಿಯ ಸಾಲನ್ನು ಪಕ್ಕದವಳು ಹಾಕಿಕೊಡುತ್ತಾಳೆ, ಮುಂದಿನ ವರ್ಷ ಇವಳು ತೀರಿಸುತ್ತಾಳೆ. ನಾಟಿ ಹೋದರೆ ಕೂಲಿ ಜೊತೆ ಇದೂ ಹೋಗುತ್ತದೆ. ಯಾವ ಕೋಷ್ಟಕದಲ್ಲೂ ಇದಕ್ಕೆ ಕಾಲಂ ಇಲ್ಲ.

ಬದುವಿನ ಮೇಲೆ

ನಾಟಿ ಆಗಿ ಕಳೆ ಕೀಳುವ ಹೊತ್ತಿಗೆ ಹೆಂಗಸರ ಜೊತೆ ಗದ್ದೆ ಬಯಲು ಸುತ್ತಿದೆವು. ಅಧ್ಯಯನದ ಪುಸ್ತಕಗಳಲ್ಲಿ ಇದಕ್ಕೂ ವಿಧಾನ ಇದೆ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾ ಮಣ್ಣು, ನೀರು, ಬೆಳೆ ನೋಡಿಕೊಂಡು ಹೋಗೋದು. ಪ್ರಶ್ನೆ ಕೇಳುವುದಕ್ಕಿಂತ ಹಿಂದೆ ಹಿಂದೆ ನಡೆದಿದ್ದೇ ಜಾಸ್ತಿ ಕಲಿಸಿತು.

ಮುಂದೆ ಹೋಗುತ್ತಿದ್ದ ಅಕ್ಕ ಬಗ್ಗಿ ಕಿತ್ತಿದ್ದನ್ನೆಲ್ಲ ಒಂದೇ ಕಡೆ ಹಾಕುತ್ತಿರಲಿಲ್ಲ. ಎಡಗೈಯಲ್ಲಿ ಹುಲ್ಲು, ಅದು ಹಸುವಿಗೆ. ಬಲಗೈಯಲ್ಲಿ ಚಿವುಟಿದ ಸೊಪ್ಪು ನೇರ ಮಡಿಲಿಗೆ. ಬದುವಿನ ತೇವದಲ್ಲಿ ಹೊನಗೊನ್ನೆ, ನೀರು ಜಿನುಗೋ ಕಡೆ ಒಂದೆಲಗ, ಒಣ ಬದುವಿನಲ್ಲಿ ಅಣ್ಣೆಸೊಪ್ಪು, ಗಣಿಕೆ ಸೊಪ್ಪು. ಎಲ್ಲಾ ಸೇರಿಸಿ ಸಂಜೆಗೆ ಬೆರಕೆ ಸೊಪ್ಪಿನ ಸಾರು. ಉಳಿದದ್ದು, ತಿನ್ನೋಕೂ ಬಾರದ್ದು, ಹಾಕೋಕೂ ಬಾರದ್ದು, ಬದುವಿನ ಮೇಲೆ. ನಮ್ಮ ಕಣ್ಣಿಗೆ ಎಲ್ಲ ಕಳೆಯೇ. ಅವರ ಕೈಗೆ ಮೂರು ಥರ.

ಸ್ವಲ್ಪ ಮುಂದೆ ಹೋದರೆ ಬದು ಸುಟ್ಟ ಹಾಗೆ ಹಳದಿ ತಿರುಗಿತ್ತು. ಕಳೆ ಔಷಧಿ ಹೊಡೆದಿದ್ದರು. ಅಕ್ಕ ಅಲ್ಲಿ ಬಗ್ಗಲಿಲ್ಲ, ಸೀರೆ ನೆರಿಗೆ ಎತ್ತಿಕೊಂಡು ದಾಟಿದರು. ಅದರ ಪಕ್ಕದ ಬದುವಿನಲ್ಲಿ ಹಸಿರು ಇತ್ತು. ಅಲ್ಲೂ ಕೈ ಹಾಕಲಿಲ್ಲ. ಗಾಳಿಗೆ ಹಾರಿ ಬಂದಿರುತ್ತದೆ, ಒಂದು ಮಳೆ ಬೀಳಲಿ ಅಂದರು. ಇಟ್ಟಿಗೆ ಚೂರು ಇಟ್ಟಿದ್ದ ಗದ್ದೆಗಳಲ್ಲಿ ಕೆಲವು ಇವೇ ಅಂತ ಆಗ ತಿಳಿಯಿತು. ಬಿಡೋದಿಲ್ಲ ಅಂದರೆ ಜಮೀನಿನವರು ಬೈಯುತ್ತಾರೆ ಅಂತಷ್ಟೇ ಅಂದುಕೊಂಡಿದ್ದೆವು. ಔಷಧಿ ಹೊಡೆದ ಗದ್ದೆಯೂ ಆ ಲೆಕ್ಕದಲ್ಲೇ ಇತ್ತು.

ಇದಕ್ಕೂ ನೇರ ಬಿತ್ತನೆಗೂ ನೇರ ಸಂಬಂಧ ಇದೆ. ಕೆಸರು ಗದ್ದೆಯಲ್ಲಿ ನಿಂತ ನೀರೇ ಅರ್ಧ ಕಳೆಯನ್ನು ತಡೆಯುತ್ತದೆ. ಒಣ ಬಿತ್ತನೆಯಲ್ಲಿ ಆ ತಡೆ ಇಲ್ಲ, ಭತ್ತದ ಜೊತೆಗೇ ಕಳೆಯೂ ಏಳುತ್ತದೆ. ಕಳೆ ಜಾಸ್ತಿ ಆದರೆ ಹೆಂಗಸರಿಗೆ ಕಳೆ ಕೀಳುವ ಕೂಲಿ ಜಾಸ್ತಿ ಸಿಗುತ್ತದೆ, ನಾಟಿಯಲ್ಲಿ ಹೋದದ್ದು ಕಳೆಯಲ್ಲಿ ಬರುತ್ತದೆ ಅಂತ ಯೋಜನೆಯವರು ಲೆಕ್ಕ ಹಾಕಿದ್ದರು. ರಾತ್ರಿ ಗುಡಿ ಮುಂದೆ ಇದನ್ನು ಹೇಳಿದಾಗ ಹೆಂಗಸರು ನಕ್ಕರು. ನಾಟಿ ಕೂಲಿ ಉಳಿಸೋಕೆ ಬಿತ್ತನೆಗೆ ಹೋದವನು ಕಳೆ ಕೂಲಿ ಕೊಡುತ್ತಾನಾ? ಔಷಧಿ ಹೊಡೀತಾನೆ. ಹೊಡೆಯೋ ಕೆಲಸ ಗಂಡಸರದ್ದು. ಆಗ ಕೂಲಿಯೂ ಇಲ್ಲ, ಸೊಪ್ಪೂ ಇಲ್ಲ, ಹುಲ್ಲೂ ಇಲ್ಲ.

ಬೀಳುಬಿದ್ದ ಗದ್ದೆಯಲ್ಲಿ ನಾಟಿಯೂ ಇರುವುದಿಲ್ಲ ಅನ್ನೋದೂ ಅವರಿಗೆ ಗೊತ್ತಿತ್ತು. ಬರದ ವರ್ಷ ಅವರು ಬೇರೆ ಕಡೆ ಕೂಲಿಗೆ ಅಲೆದಿದ್ದರು. ಹಾಗಾಗಿ ನೀರು ಉಳಿಸೋದರ ವಿರುದ್ಧ ಅವರ ಮಾತಿರಲಿಲ್ಲ. ನೀರು ಉಳಿಸೋ ದಾರಿಗಳಲ್ಲಿ ಯಾವುದರ ಖರ್ಚು ಯಾರ ತಲೆಗೆ ಬರುತ್ತದೆ ಅನ್ನೋದು ಅವರ ಪ್ರಶ್ನೆ. ಇಡೀ ಅಧ್ಯಯನದಲ್ಲಿ ನಾವು ಯೋಜನೆಯವರಿಗೆ ಕೊಟ್ಟ ಮುಖ್ಯವಾದ ವಾಕ್ಯ ಅದೇ. ಅದನ್ನು ಬರೆದವರು ನಾವಲ್ಲ.

ನಾಟಿ ಯಾರಿಗೆ ಇಷ್ಟ

ಆಮೇಲೆ ಪದ್ಧತಿಗಳನ್ನು ಹೋಲಿಸಿ ನೋಡುವ ಕೆಲಸ. ನೆಲದ ಮೇಲೆ ಮನೆಗಳನ್ನು ಬರೆದು ಮೇಲ್ಸಾಲಿನಲ್ಲಿ ನಾಲ್ಕು ಪದ್ಧತಿ ಇಟ್ಟೆವು. ಒಂದು ಹಳೇ ನಾಟಿ. ಎರಡನೆಯದು ನಾಟಿ ಹಾಕಿ ನೀರನ್ನು ಬಿಟ್ಟು ಬಿಟ್ಟು ಕೊಡೋದು. ಮೂರನೆಯದು ನೇರ ಬಿತ್ತನೆ. ನಾಲ್ಕನೆಯದು ನಾಟಿ ಯಂತ್ರ. ಪಕ್ಕದ ಸಾಲಿಗೆ ಏನೇನು ಬರಬೇಕು ಅಂತ ಅವರನ್ನೇ ಕೇಳಿದೆವು. ನಮ್ಮ ಹಾಳೆಯಲ್ಲಿ ಇಳುವರಿ, ನೀರು, ಖರ್ಚು ಇದ್ದವು. ಅವರ ಸಾಲಿನಲ್ಲಿ ಬಂದಿದ್ದು ಕೂಲಿ ದಿನ, ಸೊಂಟ ನೋವು, ಕೆಸರು ಹುಣ್ಣು, ಸೊಪ್ಪು, ಹುಲ್ಲು, ಮಗು ಜೊತೆಗೆ ಕರ್ಕೊಂಡು ಹೋಗಬಹುದಾ ಅನ್ನೋದು, ವಯಸ್ಸಾದವರಿಗೆ ಕೆಲಸ ಇದೆಯಾ ಅನ್ನೋದು.

ಯಾವುದು ಎಷ್ಟು ಅಂತ ಆಯಾ ಮನೆಯಲ್ಲಿ ಬೀಜ ಇಟ್ಟು ತೋರಿಸೋದು. ಇಲ್ಲಿ ಗುಂಪು ಒಡೆಯಿತು. ಒಡೆದದ್ದೇ ಒಳ್ಳೆಯದಾಯಿತು. ಮಧ್ಯವಯಸ್ಸಿನವರು ಹಳೇ ನಾಟಿಗೆ ಕೂಲಿಯ ಮನೆಯಲ್ಲಿ ಬೀಜ ಸುರಿದರು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಸೊಂಟ ನೋವಿನ ಮನೆಯಲ್ಲಿ ಅಷ್ಟೇ ಬೀಜ ಸುರಿದು, "ನಾಟಿ ನಾಟಿ ಅಂತೀರಲ್ಲ, ಮುಟ್ಟಾದಾಗ ದಿನವಿಡೀ ಕೆಸರಲ್ಲಿ ನಿಂತ್ಕಂಡು ನೋಡಿ" ಅಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಬಯಲಲ್ಲಿ ಮರೆ ಇಲ್ಲದಿರೋದು, ಉಚ್ಚೆ ತಡೆದುಕೊಂಡು ಕೆಲಸ ಮಾಡೋದು, ಅದರಿಂದ ಬರೋ ಉರಿ. ನಮ್ಮ ತಂಡದಲ್ಲಿ ಗಂಡಸರೂ ಇದ್ದರು. ಅವತ್ತು ಅವರು ಗುಡಿಯ ಆ ಕಡೆ ಹೋಗಿ ಹುಡುಗರ ಜೊತೆ ಕೂತರು. ಕೂರಿ ಅಂತ ಯಾರೂ ಹೇಳಬೇಕಾಗಲಿಲ್ಲ.

ಮುದುಕಿಯರದ್ದು ಇನ್ನೊಂದು ಮಾತು. ನಾಟಿಗೆ ಅವರನ್ನು ಈಗ ಕರೆಯೋದಿಲ್ಲ, ಬಗ್ಗೋಕೆ ಆಗೋದಿಲ್ಲ. ಕೂತು ಕೂತು ಸರಿಯುತ್ತಾ ಬದುವಿನ ಕಳೆ ಕೀಳೋದು ಅವರಿಗೆ ಉಳಿದ ಕೆಲಸ. ಕಳೆ ಔಷಧಿ ಬಂದರೆ ಮೊದಲು ಹೊಟ್ಟೆ ಮೇಲೆ ಬೀಳೋದು ಅವರಿಗೆ. ಇನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಗದ್ದೆ ಮಾಡುವ ಒಂದೆರಡು ಮನೆಯವರಿಗೆ ಮಾತ್ರ ನೇರ ಬಿತ್ತನೆ ಒಪ್ಪಿಗೆಯಿತ್ತು. ಗಂಡ ಇಲ್ಲದ ಒಬ್ಬ ಹೆಂಗಸು ಅರ್ಧ ಎಕರೆ ವಾರಕ್ಕೆ ಮಾಡುತ್ತಿದ್ದರು. ನಾಟಿ ಆಳಿನ ಕೂಲಿ ಕೊಟ್ಟು ನನಗೆ ಏನು ಉಳೀತದೆ ಅಂತ ಅವರು ಕೇಳಿದ್ದಕ್ಕೆ ಗುಂಪಿನಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಅಂದರೆ ಕಾಲೋನಿಯ ಹೆಂಗಸರದ್ದೂ ಒಂದೇ ದನಿಯಲ್ಲ. ಹೊರಗಿನಿಂದ ಬಂದವರಿಗೆ ಒಂದು ದನಿ ಸಿಕ್ಕರೆ ಅನುಕೂಲ, ವರದಿ ಬರೆಯೋಕೆ ಸುಲಭ. ನಾವು ವಯಸ್ಸಿನ ಮೇಲೆ ಮೂರು ಬೇರೆ ಬೇರೆ ಮಣೆ, ಅಂದರೆ ಬೀಜ ಇಡುವ ಮನೆಗಳ ಪಟ್ಟಿ, ಬರೆಸಿ, ಮೂರನ್ನೂ ಹಾಗೆಯೇ ಇಟ್ಟೆವು, ಸೇರಿಸಿ ಸರಾಸರಿ ತೆಗೆಯಲಿಲ್ಲ. ಮೂರರಲ್ಲೂ ಎರಡನೆಯ ಪದ್ಧತಿಗೆ ಸುಮಾರಾಗಿ ಒಪ್ಪಿಗೆ ಕಂಡಿತು. ನಾಟಿ ಇರುತ್ತದೆ, ನೀರು ಯಾವಾಗಲೂ ನಿಂತಿರುವುದಿಲ್ಲ, ಹಾಗಾಗಿ ಕಳೆ ಕೀಳುವಾಗ ಕಾಲು ಕೊಳೆಯುವುದೂ ಕಡಿಮೆ.

ಕಚೇರಿಗಳ ರೊಟ್ಟಿ ನಕ್ಷೆ ಒಂದನ್ನೂ ಮಾಡಿದೆವು. ದುಂಡಗೆ ಕತ್ತರಿಸಿದ ಕಾಗದಗಳನ್ನು ತಮಗೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ ಇಡುವುದು. ರೇಷನ್ ಅಂಗಡಿ, ಅಂಗನವಾಡಿ ಹತ್ತಿರ ಬಂದವು. ರೈತ ಸಂಪರ್ಕ ಕೇಂದ್ರದ ಕಾಗದವನ್ನು ಒಬ್ಬರು ಎತ್ತಿಕೊಂಡು ಹೋಗಿ ಚರಂಡಿಯ ಆ ಕಡೆ ಇಟ್ಟು ಬಂದರು. ವಿವರಣೆ ಬೇಕಾಗಲಿಲ್ಲ ಅಲ್ವಾ.

ಹೇಳೋದು ಹೇಗೆ, ಯಾರ ಹೆಸರಲ್ಲಿ

ಸಹಭಾಗಿತ್ವ ಅಂದ ಮೇಲೆ ಕೊನೆಗೆ ಎಲ್ಲರನ್ನೂ ಒಂದು ಕಡೆ ಸೇರಿಸಿ, ಹೆಂಗಸರೇ ಎದ್ದು ನಿಂತು ತಮ್ಮ ನಕ್ಷೆ ತೋರಿಸಿ ಮಾತಾಡಬೇಕು ಅಂತ ಒಂದು ಆಸೆ ಎಲ್ಲರಿಗೂ ಇರುತ್ತದೆ. ಫೋಟೊ ಚೆನ್ನಾಗಿ ಬರುತ್ತದೆ. ನಾವು ಕೇಳಿದಾಗ ಮೇಸ್ತ್ರಿ ಬೇಡ ಅಂದರು. ಇವತ್ತು ಅಲ್ಲಿ ನಿಂತು ಮಾತಾಡಿ, ನಾಳೆ ಅದೇ ಗೌಡರ ಗದ್ದೆಗೆ ಕೂಲಿಗೆ ಹೋಗಬೇಕು. ಸಾಲ ಬೇಕಾದಾಗ ಅವರ ಮನೆ ಬಾಗಿಲಿಗೇ ಹೋಗಬೇಕು. ಯಾರು ಔಷಧಿ ಹೊಡೆದರು, ಯಾರು ಹುಲ್ಲಿಗೆ ಬಿಡಲಿಲ್ಲ ಅಂತ ಇಟ್ಟಿಗೆ ಚೂರಿನ ನಕ್ಷೆ ತೋರಿಸಿದರೆ ಊರಲ್ಲಿ ಯಾರಿಗೂ ಹೆಸರು ಹೇಳಬೇಕಾಗಿಲ್ಲ.

ಹಾಗಾಗಿ ನಕ್ಷೆ ಹೊರಗೆ ಹೋಗಲಿಲ್ಲ. ನೆಲದ ಮೇಲಿನದನ್ನು ಕಾಲೋನಿಯಲ್ಲಿ ಡಿಗ್ರಿ ಓದುವ ಒಬ್ಬ ಹುಡುಗಿ ನೋಟ್‌ಬುಕ್ಕಿಗೆ ಇಳಿಸಿದ್ದಳು. ಪುಸ್ತಕ ಅವಳ ಹತ್ತಿರವೇ ಉಳಿಯಿತು. ನಾವು ತಗೊಂಡಿದ್ದು ಹಬ್ಬದ ಕ್ಯಾಲೆಂಡರ್ ಮತ್ತು ಮೂರು ಮಣೆ ಮಾತ್ರ, ಅದನ್ನೂ ಅವರು ನೋಡಿ ಒಪ್ಪಿದ ಮೇಲೆ. ಜಾತಿಯ ವಿಷಯ, ಕಟ್ಟೆಯ ವಿಷಯ ಸಭೆಯಲ್ಲಿ ಎತ್ತೋದು ಬೇಡ ಅಂತ ಅವರೇ ತೀರ್ಮಾನಿಸಿದರು. ತಂಡದಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ, ಮುಖ್ಯವಾದದ್ದನ್ನೇ ಬಿಟ್ಟ ಹಾಗಾಯಿತು ಅಂದರು. ಆದರೆ ಆ ಊರಲ್ಲಿ ಬಾಳಬೇಕಾದವರು ನಾವಲ್ಲ. ಏನು ಹೇಳಬೇಕು ಅನ್ನೋದರ ಜೊತೆಗೆ ಏನು ಹೇಳಬಾರದು ಅನ್ನೋದನ್ನೂ ಅವರ ಕೈಗೆ ಬಿಡಬೇಕು ಅಂತ ನನ್ನ ಲೆಕ್ಕ.

ಜಮೀನಿನವರ ಸಭೆಯನ್ನು ಈ ಸಲ ಶಾಲೆಯ ಅಂಗಳದಲ್ಲಿ, ಸಂಜೆ ಇಟ್ಟೆವು. ಕಾಲೋನಿಯಿಂದ ಮೇಸ್ತ್ರಿಯ ಗುಂಪಿನವರು ಬಂದು ಒಂದು ಕಡೆ ಕೂತರು. ಮಾತು ಸಂಘಟನೆ, ಹೋರಾಟದ ಧಾಟಿಯಲ್ಲಿ ಇರಲಿಲ್ಲ. ಕ್ಯಾಲೆಂಡರ್ ತೋರಿಸಿ, ನಾಟಿ ಕೂಲಿ ನಿಂತರೆ ಮಾರ್ಲಾಮಿ ಹೊತ್ತಿಗೆ ಊರೊಳಗೆ ಎಷ್ಟು ಸಾಲ ತೀರದೆ ಉಳಿಯುತ್ತದೆ ಅಂತ ನಾವು ಹೇಳಿದೆವು. ಆ ಸಾಲದಲ್ಲಿ ಒಂದಷ್ಟು ಕೊಟ್ಟವರು ಅಲ್ಲೇ ಕೂತಿದ್ದರು. ಅದು ಕೆಲಸ ಮಾಡಿತು.

ಆದರೂ ಬಿಸಿ ಮಾತು ಬಂತು. ನಾಟಿ ಆಳು ಸಿಗದೆ ಎಷ್ಟು ಪರದಾಡುತ್ತೇವೆ ಗೊತ್ತಾ, ಹೊತ್ತಿಗೆ ಸರಿಯಾಗಿ ಬರೋದಿಲ್ಲ, ಬಂದರೆ ಬಾಯಿಗೆ ಬಂದ ರೇಟು ಅಂತ ಒಬ್ಬರು ಎದ್ದರು. ಅದೂ ನಿಜವೇ. ನೀರು ತಡವಾಗಿ ಬಂದು ಎಲ್ಲರ ಗದ್ದೆಯೂ ಒಂದೇ ವಾರದಲ್ಲಿ ನಾಟಿಗೆ ಬಂದರೆ ಆಳು ಎಲ್ಲಿಂದ ಬರಬೇಕು? ಹೆಂಗಸರು ಕೊಟ್ಟ ಉತ್ತರವೂ ಅದೇ.

ಆದದ್ದು, ಆಗದ್ದು

ಯೋಜನೆ ಬದಲಾಯಿತು, ಪೂರ್ತಿ ಅಲ್ಲ. ನೇರ ಬಿತ್ತನೆಯನ್ನು ಇಡೀ ಬಯಲಿಗೆ ಹರಡುವ ಬದಲು, ನೀರು ಬರುವ ಭರವಸೆಯೇ ಇಲ್ಲದ, ಹಾಗೆ ಬಿಟ್ಟರೆ ಬೀಳುಬೀಳುವ ತಾಕುಗಳಿಗೆ ಮಾತ್ರ ಇಟ್ಟುಕೊಂಡರು. ಅಲ್ಲಿ ಹೇಗೂ ನಾಟಿ ನಡೆಯುತ್ತಿರಲಿಲ್ಲ. ವಾರಕ್ಕೆ ಮಾಡುವ ಆ ಹೆಂಗಸಿನ ಅರ್ಧ ಎಕರೆಯೂ ಅದರಲ್ಲಿ ಸೇರಿತು. ಪಹಣಿ ಇಲ್ಲದ ಅವರನ್ನು ಪಟ್ಟಿಗೆ ಸೇರಿಸಲು ಜಮೀನಿನವರ ಸಹಿ ಬೇಕಾಯಿತು, ಅದಕ್ಕೆ ಓಡಾಡಿದ್ದೇ ಒಂದು ಕಥೆ.

ಉಳಿದ ಕಡೆ ನಾಟಿ ಹಾಕಿ ನೀರನ್ನು ಬಿಟ್ಟು ಬಿಟ್ಟು ಕೊಡುವ ಪದ್ಧತಿ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳಿಕೊಡುವ ಇದಕ್ಕೆ ಬೇಕಾಗಿರುವುದು ಸುಮಾರು 30 ಸೆಂಟಿಮೀಟರ್ ಉದ್ದದ, ತೂತು ಕೊರೆದ ಒಂದು ಪೈಪು. ಅರ್ಧ ಮಣ್ಣೊಳಗೆ ಹೂತಿಟ್ಟರೆ ಒಳಗೆ ನೀರು ಎಷ್ಟಿದೆ ಅಂತ ಕಾಣುತ್ತದೆ. ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವ ತನಕ ನೀರು ಕೊಡಬೇಕಾಗಿಲ್ಲ. ಹೂ ಬರುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಬೇಕು. ಸರಿಯಾಗಿ ಮಾಡಿದರೆ ಶೇಕಡ 30ರವರೆಗೂ ನೀರು ಉಳಿಯುತ್ತದೆ, ಮೀಥೇನೂ ಇಳಿಯುತ್ತದೆ. ಪೈಪು ನೋಡಿ ಬರೆದಿಡುವ ಕೆಲಸಕ್ಕೆ ಕಾಲೋನಿಯ ಹೆಂಗಸರನ್ನೇ ತಗೊಂಡರು. ನೀರುಗಂಟಿ ಕೆಲಸಕ್ಕೆ ಹೆಂಗಸರಾ ಅಂತ ಟೀ ಅಂಗಡಿಯಲ್ಲಿ ನಕ್ಕವರೂ ಇದ್ದರು.

ತೊಡಕು ಬಂದಿದ್ದು ಕಟ್ಟು ಪದ್ಧತಿಯಿಂದ. ಪೈಪು ಹೇಳಿದಾಗ ನೀರು ಕೊಡಬೇಕು, ಆದರೆ ನಾಲೆ ಬಿಟ್ಟಾಗ ಮಾತ್ರ ನೀರು ಬರುತ್ತದೆ. ಈಗ ಕಟ್ಟಿಕೊಳ್ಳದೆ ಬಿಟ್ಟರೆ ಮುಂದಿನ ಕಟ್ಟಿಗೆ ಕೊನೆ ಭಾಗಕ್ಕೆ ಬರುತ್ತದೆ ಅನ್ನೋ ಗ್ಯಾರಂಟಿ ಏನು ಅಂತ ರೈತರು ಗದ್ದೆ ತುಂಬಿಸಿಕೊಂಡರು. ಬೋರ್‌ವೆಲ್ ಇದ್ದ ಕಡೆ ಮಾತ್ರ ಪೈಪಿನ ಮಾತು ನಡೆಯಿತು. ಪೈಪು ನೋಡುವ ಕೂಲಿ ಯೋಜನೆಯ ದುಡ್ಡಿನಲ್ಲಿ ನಡೆಯುತ್ತಿತ್ತು, ಯೋಜನೆ ಮುಗಿದ ಮೇಲೆ ಅದೂ ನಿಂತಿತು. ಬದುವಿಗೆ ಔಷಧಿ ಹೊಡೆಯಬಾರದು, ಬೇಕಾದರೆ ಗದ್ದೆಯೊಳಗೆ ಹೊಡೆಯಿರಿ ಅನ್ನೋ ಮಾತಿಗೆ ಕೆಲವು ಮನೆಯವರು ಒಪ್ಪಿ ನಡೆದುಕೊಂಡರು. ಕೆಲವರು ಒಪ್ಪಿದರು, ನಡೆದುಕೊಳ್ಳಲಿಲ್ಲ.

ಬಯಲಲ್ಲಿ ಮರೆಯ ವಿಷಯ ಯಾವ ಪಟ್ಟಿಗೂ ಸೇರಲಿಲ್ಲ. ನಾವು ವರದಿಯಲ್ಲಿ ಬರೆದೆವು. ನೀರಿನ ಯೋಜನೆಗೂ ಇದಕ್ಕೂ ಏನು ಸಂಬಂಧ ಅಂತ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದು ವಾಪಸ್ ಕಳಿಸಿದರು. ವರದಿಯಲ್ಲಿ ಅದು ಹಾಗೇ ಇದೆ, ತೆಗೆದಿಲ್ಲ.

ಈಗ ಊರಿನ ಮಾತೆಲ್ಲ ನಾಟಿ ಯಂತ್ರದ್ದು. ಬಾಡಿಗೆ ಯಂತ್ರ ಕೊಡುವ ಕೇಂದ್ರದಿಂದ ಒಂದು ಬಂದು ಒಂದಷ್ಟು ಗದ್ದೆ ನಾಟಿ ಮಾಡಿ ಹೋಗಿದೆ. ಮೇಸ್ತ್ರಿ ಬದುವಿನ ಮೇಲೆ ನಿಂತು ನೋಡಿದ್ದು ಯಂತ್ರವನ್ನಲ್ಲ, ಅದಕ್ಕೆ ಹಾಕುವ ಸಸಿಯನ್ನು. ಯಂತ್ರಕ್ಕೆ ಮಾಮೂಲಿ ಒಟ್ಲು ಆಗೋದಿಲ್ಲ. ಟ್ರೇಯಲ್ಲಿ ಚಾಪೆ ಥರ ಒತ್ತಾಗಿ ಬೆಳೆಸಿದ ಎಳೆ ಪೈರು ಬೇಕು. ಅದನ್ನು ಬೆಳೆಸಿಕೊಡುವವರು ಹತ್ತಿರದಲ್ಲಿ ಯಾರೂ ಇಲ್ಲ. ಒಟ್ಲು ಬಿಡೋದು ನಮಗೆ ಗೊತ್ತಿಲ್ದ ಕೆಲಸವಾ ಅನ್ನೋದು ಮೇಸ್ತ್ರಿಯ ಮಾತು. ಸೊಂಟ ನೋವಿನ ಮನೆಗೆ ಬೀಜ ಸುರಿದ ಹುಡುಗಿ ಈ ವಿಷಯದಲ್ಲಿ ಅವರ ಪಕ್ಷ.

ಮಾರಮ್ಮನ ಗುಡಿ ಮುಂದೆ ಮತ್ತೆ ಲೆಕ್ಕ ಶುರುವಾಗಿದೆ, ಈ ಸಲ ಅವರೇ ಕರೆದದ್ದು. ಎಕರೆಗೆ ಎಷ್ಟು ಟ್ರೇ, ಟ್ರೇಗೆ ಎಷ್ಟು ಬೀಜ, ಸೊಸೈಟಿಯಿಂದ ಸಾಲ ಸಿಗುತ್ತದಾ, ಯಂತ್ರದವರು ಮುಂಗಡ ಕೊಡುತ್ತಾರಾ. ಎಲ್ಲದಕ್ಕೂ ಒಂದೊಂದು ಉತ್ತರ ಸಿಗುತ್ತಿದೆ. ಟ್ರೇ ಜೋಡಿಸೋಕೆ ನೀರಿನ ಆಸರೆ ಇರುವ ಕೆಲವು ಗುಂಟೆ ಜಾಗ ಬೇಕು. ಅವರಲ್ಲಿ ಯಾರಿಗೂ ಜಮೀನಿಲ್ಲ. ಶಾಲೆಯ ಹಿಂದಿನ ಖಾಲಿ ಜಾಗ ಕೇಳಿ ಪಂಚಾಯಿತಿಗೆ ಅರ್ಜಿ ಹೋಗಿದೆ.